ಗರಗಸದ ಎಂಜಿನ್ನಿಗೆ ಇಂಧನ ಸಾಲದಾದಾಗ

ಆಷಾಢದ ಗಾಳಿಮಳೆಗೆ ಮಲೆನಾಡಿನ ರಸ್ತೆಗಳ ಮೇಲೆ ಮರಗಳು ಉರುಳುವುದು ಪ್ರತಿವರ್ಷದ ಸಂಗತಿ. ಇಂತಹ ಮರವೊಂದನ್ನು ತುಂಡರಿಸಿ ಹಾದಿ ಬಿಡಿಸಬೇಕಾದರೆ ಹಿಂದೆ ಇಬ್ಬರು ಆಳುಗಳು ಎಳೆಗರಗಸವನ್ನು ಹಿಡಿದು ಬಹಳ ಹೊತ್ತು ದುಡಿಯಬೇಕಾಗಿತ್ತು. ಈಗ ಒಬ್ಬನೇ ಮನುಷ್ಯನು ಐದಾರು ಕಿಲೋಗ್ರಾಂ ತೂಕದ ಸರಪಳಿ ಗರಗಸದಿಂದ ಅದೇ ಕೆಲಸವನ್ನು ಕೆಲವು ನಿಮಿಷಗಳಲ್ಲಿ ಮುಗಿಸುತ್ತಾನೆ. ಗರಗಸದ ಎಂಜಿನ್ನು ನಡೆದರೆ ಮಾತ್ರ. ಅನೇಕ ವೇಳೆ ಆಗುವುದೇನೆಂದರೆ, ಎಂಜಿನ್ನು ಸುಲಭವಾಗಿ ಪ್ರಾರಂಭವಾಗುತ್ತದೆ, ಮಂದಗತಿಯಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತದೆ, ಆದರೆ ಹಲ್ಲುಗಳು ಮರಕ್ಕೆ ತಾಗಿ ಥ್ರಾಟಲನ್ನು ಪೂರ್ತಿ ಒತ್ತಿದೊಡನೆ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತದೆ. ಸೆಳೆತಕ್ಕೆ ಸಿಕ್ಕಿ ಬಾಗಿ ನಿಂತಿರುವ ಕಾಂಡದ ನಡುವೆ ಅರ್ಧ ಕೊಯ್ದ ಸೀಳಿನಲ್ಲಿ ಗರಗಸವು ಸಿಕ್ಕಿಕೊಂಡು ನಿಂತರೆ, ಅದನ್ನು ಹಿಡಿದವನ ಪಾಡು ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಇಂತಹ ಸಮಯದಲ್ಲಿ ಸಾಮಾನ್ಯವಾಗಿ ನಡೆಯುವ ಚಿಕಿತ್ಸೆಗಳು ಎರಡು. ಒಂದು, ಕಾರ್ಬುರೇಟರಿನ ಪಕ್ಕದಲ್ಲಿ ಕಾಣುವ ತಿರುಪುಗಳನ್ನು ಅತ್ತಿತ್ತ ತಿರುಗಿಸಿ ನೋಡುವುದು. ಇನ್ನೊಂದು, ಕಾರ್ಬುರೇಟರನ್ನೇ ಕಿತ್ತು ಹೊಸದನ್ನು ಕೂರಿಸುವುದು. ಎರಡೂ ರೋಗವನ್ನು ತಿಳಿಯದೆ ಕೊಟ್ಟ ಔಷಧಗಳು. ಎರಡನೆಯದರಿಂದ ಹಣ ಮಾತ್ರ ವ್ಯರ್ಥವಾದೀತು. ಮೊದಲನೆಯದರಿಂದ ಎಂಜಿನ್ನೇ ಹಾಳಾಗಬಹುದು. ಬಾಯ್ಲನ ನಿಯಮ, ಬರ್ನೂಲಿಯ ತತ್ತ್ವ ಮತ್ತು ಸನ್ನೆಯ ತತ್ತ್ವ, ಇಷ್ಟನ್ನು ಬಲ್ಲ ವಿದ್ಯಾರ್ಥಿಯು ಇಂಧನವು ನಡೆಯುವ ಹಾದಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೆಜ್ಜೆಹೆಜ್ಜೆಯಾಗಿ ಯೋಚಿಸಿದರೆ, ದೋಷವು ಎಲ್ಲಿದೆ ಎಂಬುದನ್ನು ತಿರುಪುಮೊಳೆಯನ್ನು ಮುಟ್ಟುವ ಮೊದಲೇ ಬಹುಮಟ್ಟಿಗೆ ನಿರ್ಧರಿಸಬಹುದು. ಆ ಯೋಚನೆಯ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ತೇಲುಬುರುಡೆಯಿಂದ ಪೊರೆಗೆ

ಸರಪಳಿ ಗರಗಸದ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. ಪಿಸ್ಟನ್ನು ಮೇಲಕ್ಕೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್ ಕೋಶದಲ್ಲಿ ಸ್ಥಳವು ಹಿಗ್ಗಿ ಒತ್ತಡ ಇಳಿಯುತ್ತದೆ. ಆಗ ಕಾರ್ಬುರೇಟರಿನ ಮೂಲಕ ಗಾಳಿಯೂ ಪೆಟ್ರೋಲೂ ಒಳಕ್ಕೆ ಬರುತ್ತವೆ. ಪಿಸ್ಟನ್ನು ಕೆಳಗಿಳಿದಾಗ ಈ ಮಿಶ್ರಣವು ಅದುಮಲ್ಪಟ್ಟು ಸಿಲಿಂಡರಿಗೆ ಏರುತ್ತದೆ. ಕಮ್ಮಾರನ ತಿದಿಯಂತೆ ಕ್ರ್ಯಾಂಕ್ ಕೋಶವು ಒಮ್ಮೆ ಎಳೆಯುತ್ತ ಒಮ್ಮೆ ಊದುತ್ತ ಇರುತ್ತದೆಂದು ತಿಳಿದರೆ ಸಾಕು. ಈ ತಿದಿಯ ಮಾತನ್ನು ವಾಚಕರು ನೆನಪಿಡಬೇಕು, ಏಕೆಂದರೆ ಮುಂದೆ ಇದರಿಂದ ಇನ್ನೊಂದು ಉಪಯೋಗವಿದೆ. ಇಂತಹ ಎಂಜಿನ್ನಿನಲ್ಲಿ ಎಣ್ಣೆಗೆ ಪ್ರತ್ಯೇಕ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಬೇರಿಂಗು ಮತ್ತು ಪಿಸ್ಟನ್ನುಗಳನ್ನು ನಯವಾಗಿ ಇಡುತ್ತದೆ.

ಹಳೆಯ ಮೋಟಾರು ಬೈಕಿನ ಕಾರ್ಬುರೇಟರನ್ನು ಬಿಚ್ಚಿ ನೋಡಿದವರು ಅದರೊಳಗಿನ ತೇಲುಬುರುಡೆಯನ್ನು ಕಂಡಿರುತ್ತಾರೆ. ಸಣ್ಣ ಬಟ್ಟಲಿನಲ್ಲಿ ಪೆಟ್ರೋಲು ಒಂದು ಮಟ್ಟಕ್ಕೆ ಏರಿದಾಗ ಬುರುಡೆಯು ಮೇಲೆ ತೇಲಿ ಸೂಜಿಕವಾಟವನ್ನು ಮುಚ್ಚುತ್ತದೆ. ಮಟ್ಟವು ಇಳಿದಾಗ ತೆರೆಯುತ್ತದೆ. ಸರಳವಾದ ಏರ್ಪಾಡು, ಆದರೆ ಇದು ಗುರುತ್ವವನ್ನು ನಂಬಿಕೊಂಡಿದೆ. ಬಟ್ಟಲನ್ನು ಓರೆ ಮಾಡಿದರೆ ಮಟ್ಟವೆಂಬುದಕ್ಕೆ ಅರ್ಥವೇ ಉಳಿಯದು. ಜರ್ಮನಿಯಲ್ಲಿ ೧೯೨೭ರಲ್ಲಿ ಡೋಲ್ಮಾರ್ ಮತ್ತು ೧೯೨೯ರಲ್ಲಿ ಸ್ಟಿಲ್ ಸಂಸ್ಥೆಗಳು ಹೊರತಂದ ಮೊದಲ ಪೆಟ್ರೋಲು ಗರಗಸಗಳು ಇಬ್ಬರು ಹೊರಬೇಕಾದಷ್ಟು ಭಾರವಾಗಿದ್ದವು. ತೇಲುಬುರುಡೆಯ ಕಾರ್ಬುರೇಟರನ್ನು ಹೊಂದಿದ್ದ ಆ ಕಾಲದ ಗರಗಸಗಳಲ್ಲಿ ಎಂಜಿನ್ನನ್ನು ನೆಟ್ಟಗೆ ಹಿಡಿದು ಅಲಗನ್ನು ಮಾತ್ರ ಅಡ್ಡಕ್ಕೋ ಉದ್ದಕ್ಕೋ ತಿರುಗಿಸಿಕೊಳ್ಳಬೇಕಾಗಿತ್ತು. ಇದೇ ತೊಡಕು ಆಕಾಶದಲ್ಲಿಯೂ ಕಾಣಿಸಿಕೊಂಡಿತು. ೧೯೪೦ರ ಯುದ್ಧದಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನವು ಥಟ್ಟನೆ ಮೂತಿ ಬಾಗಿಸಿ ಕೆಳಕ್ಕೆ ಧುಮುಕಿದರೆ ಅದರ ಎಂಜಿನ್ನು ಕ್ಷಣಕಾಲ ನಿಂತುಹೋಗುತ್ತಿತ್ತು, ಕಾರಣ, ತೇಲುಬುರುಡೆಯೇ. ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ಇಂಧನದ ಹಾದಿಯಲ್ಲಿ ಸಣ್ಣ ರಂಧ್ರವಿರುವ ಲೋಹದ ತುಂಡೊಂದನ್ನು ಇಡಿಸಿ ೧೯೪೧ರಲ್ಲಿ ಈ ತೊಂದರೆಯನ್ನು ತಕ್ಕಮಟ್ಟಿಗೆ ನಿವಾರಿಸಿದರು.

ಗರಗಸಕ್ಕಾದರೋ ಇಂತಹ ತಾತ್ಕಾಲಿಕ ಉಪಾಯ ಸಾಲದು. ಅದನ್ನು ಗಂಟೆಗಟ್ಟಲೆ ಅಡ್ಡಡ್ಡವಾಗಿ, ಕೆಲವೊಮ್ಮೆ ತಲೆಕೆಳಗಾಗಿ ಹಿಡಿಯಬೇಕು. ಆದುದರಿಂದ ಬಟ್ಟಲನ್ನೂ ಬುರುಡೆಯನ್ನೂ ಬಿಟ್ಟು, ಗುರುತ್ವದ ಹಂಗಿಲ್ಲದ ತೆಳುವಾದ ರಬ್ಬರು ಪೊರೆಯೊಂದನ್ನು ಆಶ್ರಯಿಸಿದರು. ಇಂದಿನ ಸರಪಳಿ ಗರಗಸಗಳಲ್ಲಿ ಇರುವುದು ಈ ಪೊರೆಯ ಕಾರ್ಬುರೇಟರೇ. ಬೆಂಕಿಪೆಟ್ಟಿಗೆಗಿಂತ ಅಷ್ಟೇನೂ ದೊಡ್ಡದಲ್ಲದ ಈ ಲೋಹದ ತುಂಡಿನೊಳಗೆ ಒಂದು ಪಂಪು, ಒಂದು ಒತ್ತಡ ನಿಯಂತ್ರಕ, ಎರಡು ಮೂರು ಕವಾಟಗಳು ಅಡಗಿವೆ. ಯಂತ್ರಶಿಲ್ಪದಲ್ಲಿ ಇದಕ್ಕಿಂತ ಚೊಕ್ಕಟವಾದ ವಸ್ತುಗಳನ್ನು ನಾವು ಕಂಡಿರುವುದು ಕಡಮೆ.

ಇಂಧನದ ಹಾದಿ

ಟ್ಯಾಂಕಿನ ತಳದಲ್ಲಿ ಸಣ್ಣ ಫಿಲ್ಟರೊಂದು ಮೆತುವಾದ ಕೊಳವೆಯ ತುದಿಗೆ ತೂಗಿಬಿದ್ದಿರುತ್ತದೆ. ಅದು ಭಾರವಾದುದರಿಂದ ಗರಗಸವನ್ನು ಹೇಗೆ ಹಿಡಿದರೂ ಪೆಟ್ರೋಲು ಎಲ್ಲಿದೆಯೋ ಅಲ್ಲಿಗೆ ಜಾರುತ್ತದೆ. ಅಲ್ಲಿಂದ ಕೊಳವೆಯ ಮೂಲಕ ಇಂಧನವು ಕಾರ್ಬುರೇಟರಿನ ಪಂಪಿಗೆ ಬರುತ್ತದೆ. ಈ ಪಂಪಿಗೆ ಬೇರೆ ಮೋಟಾರಿಲ್ಲ. ಕ್ರ್ಯಾಂಕ್ ಕೋಶದಿಂದ ಹೊರಟ ಕಿರಿದಾದ ಹಾದಿಯೊಂದು ಪಂಪಿನ ಪೊರೆಯ ಒಂದು ಮಗ್ಗುಲಿಗೆ ಬಂದು ಸೇರುತ್ತದೆ. ತಿದಿಯು ಎಳೆದಾಗ ಪೊರೆಯೂ ಅತ್ತ ಬಾಗುತ್ತದೆ, ಊದಿದಾಗ ಇತ್ತ ಬಾಗುತ್ತದೆ. ಪೊರೆಯಲ್ಲಿಯೇ ನಾಲಗೆಯಂತೆ ಕತ್ತರಿಸಿದ ಎರಡು ಕವಾಟಗಳಿರುವುದರಿಂದ ಇಂಧನವು ಮುಂದಕ್ಕೆ ಮಾತ್ರ ಸಾಗುತ್ತದೆ. ಎಂಜಿನ್ನು ನಿಮಿಷಕ್ಕೆ ೯,೦೦೦ ಸುತ್ತು ತಿರುಗುವಾಗ ಈ ಪೊರೆಯು ಸೆಕೆಂಡಿಗೆ ೧೫೦ ಸಲ ಮಿಡಿಯುತ್ತದೆ.

ಪಂಪನ್ನು ದಾಟಿದ ಇಂಧನವು ಉಗುರಿಗಿಂತ ಚಿಕ್ಕದಾದ ಜಾಲರಿಯೊಂದನ್ನು ಹಾದು ಸೂಜಿಕವಾಟದ ಬಾಗಿಲಿಗೆ ಬರುತ್ತದೆ. ಬಾಗಿಲಿನ ಆಚೆ ಇರುವುದು ಅಳತೆಯ ಕೋಣೆ. ಈ ಕೋಣೆಯ ಒಂದು ಗೋಡೆಯೇ ಎರಡನೆಯ ಪೊರೆ. ಅದರ ಹೊರಮಗ್ಗುಲಿಗೆ ವಾತಾವರಣದ ಒತ್ತಡ ತಾಗುತ್ತಿರುತ್ತದೆ. ಕೋಣೆಯಿಂದ ಸಣ್ಣ ರಂಧ್ರಗಳು ಕಾರ್ಬುರೇಟರಿನ ಗಂಟಲಿಗೆ ತೆರೆದುಕೊಂಡಿವೆ. ಗಂಟಲಿನಲ್ಲಿ ಗಾಳಿಯು ವೇಗವಾಗಿ ಹರಿದಾಗ ಅಲ್ಲಿ ಒತ್ತಡ ತಗ್ಗುತ್ತದೆ ಎಂಬುದು ೧೭೩೮ರಲ್ಲಿ ಡೇನಿಯಲ್ ಬರ್ನೂಲಿಯು ಪ್ರಕಟಿಸಿದ ತತ್ತ್ವದ ಪರಿಣಾಮ. ಇಂಧನವು ಗಂಟಲಿಗೆ ಸೆಳೆಯಲ್ಪಟ್ಟು ಕೋಣೆಯಲ್ಲಿ ಒತ್ತಡ ಕಡಮೆಯಾದಾಗ ಹೊರಗಿನ ವಾತಾವರಣವು ಪೊರೆಯನ್ನು ಒಳಕ್ಕೆ ತಳ್ಳುತ್ತದೆ. ಪೊರೆಯು ಒಂದು ಪುಟ್ಟ ಸನ್ನೆಯನ್ನು ಒತ್ತುತ್ತದೆ. ಸನ್ನೆಯು ಸೂಜಿಯನ್ನು ಎತ್ತಿ ಇಂಧನಕ್ಕೆ ಬಾಗಿಲು ತೆರೆಯುತ್ತದೆ. ಕೋಣೆ ತುಂಬಿದಾಗ ಸ್ಪ್ರಿಂಗು ಸೂಜಿಯನ್ನು ಮತ್ತೆ ಕೂರಿಸುತ್ತದೆ. ಎಂಜಿನ್ನು ಕುಡಿದಷ್ಟೇ ಒಳಗೆ ಬರುತ್ತದೆ, ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ.

ಈ ಬಲಗಳು ಎಷ್ಟು ಸಣ್ಣವೆಂಬುದನ್ನು ಲೆಕ್ಕ ಹಾಕಿ ನೋಡೋಣ. ಗಂಟಲಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ ೬೦ ಮೀಟರ್ ಎಂದು ಇಟ್ಟುಕೊಂಡರೆ, ಗಾಳಿಯ ಸಾಂದ್ರತೆ ೧.೨ ಆದುದರಿಂದ, ಒತ್ತಡದ ಇಳಿತವು ಅದರ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು, ಅಂದರೆ ಸುಮಾರು ೨,೧೬೦ ಪಾಸ್ಕಲ್. ಇದು ವಾತಾವರಣದ ಒತ್ತಡದ ಶೇಕಡಾ ೨ರಷ್ಟು ಮಾತ್ರ. ಎರಡು ಸೆಂಟಿಮೀಟರ್ ವ್ಯಾಸದ ಪೊರೆಯ ಮೇಲೆ ಈ ಪೂರ್ಣ ವ್ಯತ್ಯಾಸವು ಬಿದ್ದರೂ ದೊರೆಯುವ ಬಲವು ೭೦ ಗ್ರಾಂ ತೂಕದಷ್ಟು. ವಾಸ್ತವವಾಗಿ ಅದಕ್ಕಿಂತ ಕಡಮೆ. ಹೀಗಿರಲು, ಪೊರೆಯು ಹಳೆಯದಾಗಿ ಬಿರುಸಾದರೆ, ಸನ್ನೆಯು ಕೂದಲೆಳೆಯಷ್ಟು ಬಾಗಿದರೆ, ಎಲ್ಲಿಂದಲೋ ಒಂದಿಷ್ಟು ಗಾಳಿ ನುಸುಳಿದರೆ ಲೆಕ್ಕವೆಲ್ಲ ತಪ್ಪುವುದರಲ್ಲಿ ಆಶ್ಚರ್ಯವೇನು?

ಇನ್ನು ಇಂಧನದ ಪ್ರಮಾಣ. ಐವತ್ತು ಘನ ಸೆಂಟಿಮೀಟರಿನ ಎಂಜಿನ್ನು ಪೂರ್ಣಶಕ್ತಿಯಲ್ಲಿ ಗಂಟೆಗೆ ಒಂದೂವರೆ ಲೀಟರ್ ಪೆಟ್ರೋಲನ್ನು ಬಳಸುತ್ತದೆಂದು ಭಾವಿಸೋಣ. ನಿಮಿಷಕ್ಕೆ ೯,೦೦೦ ಸುತ್ತಿನಂತೆ ಗಂಟೆಗೆ ೫,೪೦,೦೦೦ ಸುತ್ತು. ಭಾಗಿಸಿದರೆ ಪ್ರತಿ ಸುತ್ತಿಗೆ ಸುಮಾರು ೨.೮ ಘನ ಮಿಲಿಮೀಟರ್. ಔಷಧದ ಸೀಸೆಯಿಂದ ಬೀಳುವ ಒಂದು ತೊಟ್ಟು ಸುಮಾರು ೫೦ ಘನ ಮಿಲಿಮೀಟರ್ ಇರುತ್ತದೆ. ಅಷ್ಟರಿಂದ ಎಂಜಿನ್ನು ಹದಿನೆಂಟು ಸುತ್ತು ತಿರುಗೀತು. ಪೆಟ್ರೋಲಿಗೆ ಐವತ್ತನೆಯ ಒಂದು ಪಾಲು ಎಣ್ಣೆಯನ್ನು ಬೆರೆಸಿದ್ದರೆ ಪ್ರತಿ ಸುತ್ತಿಗೆ ಪಿಸ್ಟನ್ನಿನ ಪಾಲಿಗೆ ಬರುವ ಎಣ್ಣೆಯು ೦.೦೫೫ ಘನ ಮಿಲಿಮೀಟರ್. ಇಂಧನವು ಅರ್ಧಕ್ಕೆ ಇಳಿದರೆ ಎಣ್ಣೆಯೂ ಅರ್ಧಕ್ಕೆ ಇಳಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಹಸಿವೂ ಒಣಗುವಿಕೆಯೂ ಒಟ್ಟಿಗೇ ಬರುತ್ತವೆ ಎಂಬುದೇ ಈ ಪಾಠದ ಮುಖ್ಯಾಂಶ. ಅಲ್ಯೂಮಿನಿಯಂ ಪಿಸ್ಟನ್ನು ಕಾದು ಹಿಗ್ಗಿ, ನಡುವೆ ಎಣ್ಣೆಯ ತೆರೆಯಿಲ್ಲದೆ ಸಿಲಿಂಡರಿನ ಗೋಡೆಗೆ ಉಜ್ಜಿ ಕಚ್ಚಿಕೊಂಡರೆ ಆ ಗರಗಸದ ಕಥೆ ಅಲ್ಲಿಗೆ ಮುಗಿಯಿತು. ಇದರಲ್ಲಿ ಒಂದು ಮೋಸವೂ ಇದೆ: ಇಂಧನ ಕಡಮೆಯಾದ ಎಂಜಿನ್ನು ಭಾರವಿಲ್ಲದಾಗ ಎಂದಿಗಿಂತ ಚುರುಕಾಗಿ, ಎತ್ತರದ ದನಿಯಲ್ಲಿ ಓಡುತ್ತದೆ. ತಿಳಿಯದವರು ಇದನ್ನು ಆರೋಗ್ಯವೆಂದು ಬಗೆಯುತ್ತಾರೆ.

ದೋಷದ ಹುಡುಕಾಟ

ಮೊದಲು ಕೇಳಬೇಕಾದುದು, ದೋಷವು ಇಂಧನದ್ದೇ ಅಹುದೇ ಎಂದು. ಹಲವು ಸಲ ದಾರವೆಳೆದರೂ ಎಂಜಿನ್ನು ಪ್ರಾರಂಭವಾಗದಿದ್ದರೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯನ್ನು ನೋಡಬೇಕು. ಒದ್ದೆಯಾಗಿದ್ದರೆ ಇಂಧನವು ತಲಪಿದೆ. ಕಿಡಿಯನ್ನೋ ಅತಿಯಾದ ಇಂಧನವನ್ನೋ ಅನುಮಾನಿಸಬೇಕು. ಒಣಗಿದ್ದರೆ ತಲಪಿಲ್ಲ. ಆಗ ಎಣ್ಣೆ ಬೆರೆಸಿದ ಪೆಟ್ರೋಲನ್ನು ಕೆಲವೇ ತೊಟ್ಟು ಸಿಲಿಂಡರಿನೊಳಕ್ಕೆ ಬಿಟ್ಟು, ಪ್ಲಗ್ಗನ್ನು ಮರಳಿ ಬಿಗಿದು, ಸುತ್ತ ಚೆಲ್ಲಿದುದನ್ನು ಒರಸಿ, ದಾರವನ್ನೆಳೆಯಬೇಕು. ಎಂಜಿನ್ನು ಒಂದೆರಡು ಸೆಕೆಂಡು ಗುಡುಗಿ ನಿಂತರೆ ಕಿಡಿ ಸರಿಯಾಗಿದೆ, ಸಂಪೀಡನವೂ ತಕ್ಕಷ್ಟಿದೆ, ಕೊರತೆಯಿರುವುದು ಇಂಧನದ್ದೇ ಎಂದು ಸಿದ್ಧವಾಯಿತು. ಈ ಕೆಲಸಗಳನ್ನೆಲ್ಲ ಬೆಂಕಿಯಿಂದ ದೂರದಲ್ಲಿ, ಎಂಜಿನ್ನು ತಣ್ಣಗಾದ ಮೇಲೆ ಮಾಡಬೇಕೆಂಬುದನ್ನು ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ಒತ್ತಿ ಹೇಳುತ್ತೇವೆ.

ಮುಂದೆ, ಟ್ಯಾಂಕಿನಲ್ಲಿರುವ ಇಂಧನವನ್ನೇ ಪರೀಕ್ಷಿಸಬೇಕು. ಒಂದಿಷ್ಟನ್ನು ಗಾಜಿನ ಸೀಸೆಗೆ ಸುರಿದು ಅಲುಗದಂತೆ ಇಟ್ಟರೆ ಎರಡು ಪದರಗಳು ಬೇರ್ಪಡುತ್ತವೆಯೇ? ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲನ್ನು ಬೆರೆಸುವ ಪ್ರಮಾಣವು ೨೦೨೨ರಲ್ಲಿ ಶೇಕಡಾ ೧೦ಕ್ಕೂ ೨೦೨೫ರಲ್ಲಿ ಶೇಕಡಾ ೨೦ಕ್ಕೂ ಏರಿತು. ಎಥನಾಲು ನೀರನ್ನು ಹೀರುವ ದ್ರವ. ಮಳೆಗಾಲದಲ್ಲಿ ಸಡಿಲವಾಗಿ ಮುಚ್ಚಿದ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿಗೆ ನೀರು ಸೇರಿ ಮಿತಿಯನ್ನು ಮೀರಿದಾಗ ನೀರೂ ಎಥನಾಲೂ ಒಂದಾಗಿ ಕೆಳಕ್ಕೆ ಇಳಿಯುತ್ತವೆ. ಪೆಟ್ರೋಲೂ ಎಣ್ಣೆಯೂ ಮೇಲೆ ಉಳಿಯುತ್ತವೆ. ಫಿಲ್ಟರು ಇರುವುದೋ ಟ್ಯಾಂಕಿನ ತಳದಲ್ಲಿ. ಅದು ಹೀರುವುದು ಎಣ್ಣೆಯಿಲ್ಲದ ಕೆಳಪದರವನ್ನೇ. ಇಂತಹ ಇಂಧನವನ್ನು ಹೊರಚೆಲ್ಲಿ ಹೊಸದನ್ನು ತುಂಬುವವರೆಗೆ ಬೇರೆ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಇಂಧನವು ಶುದ್ಧವಾಗಿದ್ದರೆ ಟ್ಯಾಂಕಿನ ಉಸಿರುರಂಧ್ರದ ಕಡೆಗೆ ಬರೋಣ. ಇದು ಅತ್ಯಂತ ಸ್ವಾರಸ್ಯವಾದ ದೋಷ. ಬಾಯ್ಲನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ತರಗತಿಯಲ್ಲಿ ಕೊಡುವುದು ಕಷ್ಟ. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿಯು ಒಳಗೆ ಬರಬೇಕು. ಅದಕ್ಕಾಗಿ ಟ್ಯಾಂಕಿಗೆ ಒಮ್ಮುಖ ಕವಾಟವಿರುವ ರಂಧ್ರವೊಂದಿದೆ. ಮರದ ಹುಡಿಯೂ ಎಣ್ಣೆಯೂ ಸೇರಿ ಅದು ಕಟ್ಟಿಕೊಂಡಿತೆನ್ನೋಣ. ಟ್ಯಾಂಕು ೪೫೦ ಘನ ಸೆಂಟಿಮೀಟರಿನದು. ಅದನ್ನು ತುಂಬಿದಾಗ ಮೇಲೆ ೫೦ ಘನ ಸೆಂಟಿಮೀಟರ್ ತೆರವು ಉಳಿದಿದೆ. ನಮ್ಮ ಹಿಂದಿನ ಲೆಕ್ಕದಂತೆ ಪೂರ್ಣವೇಗದಲ್ಲಿ ನಿಮಿಷಕ್ಕೆ ೨೫ ಘನ ಸೆಂಟಿಮೀಟರ್ ಖರ್ಚಾಗುತ್ತದೆ. ಒಂದು ನಿಮಿಷ ಕಳೆದ ಮೇಲೆ ೫೦ರ ಸ್ಥಳವನ್ನು ತುಂಬಿದ್ದ ಗಾಳಿಯು ೭೫ನ್ನು ತುಂಬಬೇಕಾಗಿದೆ. ಅದರ ಒತ್ತಡವು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಆದರೆ ತೆರವಿನಲ್ಲಿ ಗಾಳಿಯೊಡನೆ ಪೆಟ್ರೋಲಿನ ಆವಿಯೂ ಇದೆ. ಆವಿಗೆ ಬಾಯ್ಲನ ನಿಯಮ ಹೊಂದದು, ಏಕೆಂದರೆ ಸ್ಥಳ ಹೆಚ್ಚಿದಂತೆ ದ್ರವವು ಇನ್ನಷ್ಟು ಆವಿಯಾಗಿ ತನ್ನ ಒತ್ತಡವನ್ನು ಉಳಿಸಿಕೊಳ್ಳುತ್ತದೆ. ಒಟ್ಟು ಒತ್ತಡದಲ್ಲಿ ಆವಿಯದು ಮೂರನೆಯ ಒಂದು ಪಾಲು ಎಂದುಕೊಂಡರೆ, ಉಳಿದ ಮೂರರಲ್ಲೆರಡು ಪಾಲು ಗಾಳಿಯದು ಒಂಬತ್ತರಲ್ಲಿ ನಾಲ್ಕಕ್ಕೆ ಇಳಿದು, ಒಟ್ಟಿನಲ್ಲಿ ವಾತಾವರಣದ ಒಂಬತ್ತರಲ್ಲಿ ಎರಡು ಪಾಲು ಕೊರತೆ ಬೀಳುತ್ತದೆ. ಮೂರು ಮೀಟರ್ ಎತ್ತರದ ಪೆಟ್ರೋಲಿನ ಕಂಬವು ಇಷ್ಟು ಒತ್ತಡವನ್ನು ಉಂಟುಮಾಡುತ್ತದೆ. ಆ ಪುಟ್ಟ ಪಂಪು ಹತ್ತಡಿ ಆಳದ ಬಾವಿಯಿಂದ ಇಂಧನವನ್ನು ಸೇದಬೇಕಾಗಿ ಬಂದಂತಾಯಿತು!

ಟ್ಯಾಂಕು ಅರ್ಧ ಖಾಲಿಯಾಗಿದ್ದರೆ ಏನಾದೀತು? ತೆರವು ಆಗ ಸುಮಾರು ೨೨೫. ಒಂದು ನಿಮಿಷದಲ್ಲಿ ಅದು ೨೫೦ ಆಗುತ್ತದೆ. ಗಾಳಿಯ ಒತ್ತಡವು ಹತ್ತನೆಯ ಒಂದು ಪಾಲು ಮಾತ್ರ ಇಳಿಯುತ್ತದೆ. ಆದುದರಿಂದ ಮುಚ್ಚಿಹೋದ ಉಸಿರುರಂಧ್ರದ ಲಕ್ಷಣವಿದು: ಟ್ಯಾಂಕು ತುಂಬಿದಾಗಲೇ ಗರಗಸವು ಬೇಗ ನಿಲ್ಲುತ್ತದೆ, ಒಂದೆರಡು ನಿಮಿಷ ಚೆನ್ನಾಗಿ ನಡೆದ ಬಳಿಕ ನಿಲ್ಲುತ್ತದೆ, ಮುಚ್ಚಳವನ್ನು ಸಡಿಲಿಸಿದರೆ ಗಾಳಿಯು ಸುಯ್ಯೆಂದು ಒಳನುಗ್ಗಿ ಮತ್ತೆ ನಡೆಯುತ್ತದೆ. ಆದರೆ ಬಿಸಿ ಎಂಜಿನ್ನಿನ ಮೇಲೆ ಮುಚ್ಚಳವನ್ನು ತೆರೆಯುವುದು ಅಪಾಯ. ಕಾದ ಟ್ಯಾಂಕಿನಲ್ಲಿ ಆವಿಯ ಒತ್ತಡ ಹೆಚ್ಚಿದ್ದರೆ ಪೆಟ್ರೋಲು ಹೊರಕ್ಕೆ ಚಿಮ್ಮಬಲ್ಲುದು. ತಣಿಯಲು ಬಿಟ್ಟು, ಮುಚ್ಚಳದ ಮಗ್ಗುಲು ಮೇಲೆ ಬರುವಂತೆ ಮಲಗಿಸಿ, ನಿಧಾನವಾಗಿ ಸಡಿಲಿಸಬೇಕು.

ಕೊಳವೆಯ ಬಿರುಕಿನ ಲಕ್ಷಣವು ಇದಕ್ಕೆ ನೇರ ವಿರುದ್ಧವಾದುದು. ಕೊಳವೆಯು ಟ್ಯಾಂಕಿನೊಳಗೆ ಮೇಲ್ಭಾಗದಲ್ಲಿ ಬಿರಿದಿದ್ದರೆ, ಟ್ಯಾಂಕು ತುಂಬಿರುವವರೆಗೆ ಬಿರುಕು ಪೆಟ್ರೋಲಿನಲ್ಲಿ ಮುಳುಗಿರುವುದರಿಂದ ಕೆಡುಕಿಲ್ಲ. ಮಟ್ಟ ಇಳಿದು ಬಿರುಕು ಹೊರಬಿದ್ದಾಗ, ಅಥವಾ ಗರಗಸವನ್ನು ಓರೆ ಮಾಡಿದಾಗ, ಪಂಪು ಇಂಧನದ ಬದಲು ಗಾಳಿಯನ್ನು ಹೀರುತ್ತದೆ. ತುಂಬಿದಾಗ ನಿಲ್ಲುವುದು ಉಸಿರಿನ ದೋಷ, ಬರಿದಾದಾಗ ನಿಲ್ಲುವುದು ಕೊಳವೆಯ ದೋಷ ಎಂದು ಸ್ಥೂಲವಾಗಿ ಹೇಳಬಹುದು. ಬಿರುಕು ಟ್ಯಾಂಕಿನ ಹೊರಗಿದ್ದರೆ ಮಾತ್ರ ಈ ಭೇದ ಕಾಣದು.

ಫಿಲ್ಟರು ಕಟ್ಟಿದ್ದರೆ ಟ್ಯಾಂಕಿನ ಮಟ್ಟಕ್ಕೂ ತೊಂದರೆಗೂ ಸಂಬಂಧವಿರುವುದಿಲ್ಲ. ಇದನ್ನು ತಿಳಿಯಲು ವಿದ್ಯುತ್ತಿನ ಹೋಲಿಕೆ ನೆರವಾಗುತ್ತದೆ. ಸಾಲಾಗಿ ಜೋಡಿಸಿದ ಪ್ರತಿರೋಧಗಳಲ್ಲಿ ಒಂದು ದೊಡ್ಡದಾದರೆ, ಪ್ರವಾಹವು ಅಲ್ಪವಾಗಿರುವಾಗ ಅದರ ಮೇಲೆ ಬೀಳುವ ವೋಲ್ಟೇಜು ಗಮನಕ್ಕೇ ಬಾರದು. ಪ್ರವಾಹ ಹೆಚ್ಚಿದಾಗ ಅದೇ ಎಲ್ಲವನ್ನೂ ನುಂಗುತ್ತದೆ. ಮಂದಗತಿಯಲ್ಲಿ ಎಂಜಿನ್ನಿಗೆ ಬೇಕಾದ ಇಂಧನವು ಪೂರ್ಣವೇಗದ್ದರ ಒಂದು ಸಣ್ಣ ಪಾಲು. ಆದಕಾರಣ ಕಟ್ಟಿದ ಫಿಲ್ಟರಿನ ಮೂಲಕವೂ ಮಂದಗತಿ ಸುಸೂತ್ರವಾಗಿ ನಡೆಯುತ್ತದೆ, ಪೂರ್ಣವೇಗ ನಡೆಯದು. ಲೇಖನದ ಮೊದಲಲ್ಲಿ ಹೇಳಿದ ಒಗಟಿಗೆ ಇದೇ ಅತ್ಯಂತ ಸಾಮಾನ್ಯವಾದ ಉತ್ತರ. ತಂತಿಯ ಕೊಕ್ಕೆಯಿಂದ ಫಿಲ್ಟರನ್ನು ಹೊರಗೆಳೆದು ಬದಲಿಸುವುದಕ್ಕೆ ಹೆಚ್ಚಿನ ಖರ್ಚೂ ಇಲ್ಲ, ಶ್ರಮವೂ ಇಲ್ಲ.

ಕೆಲವು ಗರಗಸಗಳಲ್ಲಿ ಪಾರದರ್ಶಕವಾದ ಪುಟ್ಟ ಒತ್ತುಬುರುಡೆಯೊಂದಿರುತ್ತದೆ. ಅದನ್ನು ಒತ್ತಿ ಬಿಟ್ಟಾಗ ಅದು ಇಂಧನವನ್ನು ಟ್ಯಾಂಕಿನಿಂದ ಕಾರ್ಬುರೇಟರಿನ ಅಳತೆಯ ಕೋಣೆಯ ಮೂಲಕ ಎಳೆದುಕೊಂಡು ಟ್ಯಾಂಕಿಗೆ ಮರಳಿಸುತ್ತದೆ. ಪ್ರಾರಂಭವನ್ನು ಸುಲಭ ಮಾಡುವುದಕ್ಕೆಂದು ಇಟ್ಟ ಈ ಬುರುಡೆಯು ಪರೀಕ್ಷಕನಿಗೆ ಹಾದಿಯ ನಡುವೆ ತೆರೆದ ಕಿಟಕಿಯಂತಿದೆ. ಒತ್ತಿದ ಬುರುಡೆಯು ಮತ್ತೆ ಉಬ್ಬದೆ ಚಪ್ಪಟೆಯಾಗಿಯೇ ಉಳಿದರೆ ಹಾದಿಯಲ್ಲಿ ತಡೆಯಿದೆ: ಫಿಲ್ಟರು, ಜಾಲರಿ, ಅಥವಾ ಅಂಟಿಕೊಂಡ ಸೂಜಿ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಎಲ್ಲಿಯೋ ಗಾಳಿ ಸೇರುತ್ತಿದೆ. ಬುರುಡೆಯು ಸಲೀಸಾಗಿ ತುಂಬಿ ಗುಳ್ಳೆಯೂ ಕಾಣದೆ, ಎಂಜಿನ್ನು ಮಾತ್ರ ಹಸಿದಿದ್ದರೆ? ಆಗ ಹಾದಿ ತೆರೆದಿದೆ, ಸಾಗಿಸುವವನು ಸೋತಿದ್ದಾನೆ. ಬಿರುಸಾದ ಪಂಪಿನ ಪೊರೆಯನ್ನೂ ಕ್ರ್ಯಾಂಕ್ ಕೋಶದ ಮಿಡಿತವನ್ನು ತರುವ ಹಾದಿಯನ್ನೂ ನೋಡಬೇಕು. ಆ ಹಾದಿ ರಬ್ಬರಿನದಾಗಿದ್ದು ಬಿರುಕು ಬಿಟ್ಟಿದ್ದರೆ ಪಂಪೂ ಸೋಲುತ್ತದೆ, ಕ್ರ್ಯಾಂಕ್ ಕೋಶಕ್ಕೆ ಗಾಳಿಯೂ ನುಗ್ಗುತ್ತದೆ.

ಇಷ್ಟೂ ಆದ ಮೇಲೆ ಕಾರ್ಬುರೇಟರನ್ನು ಬಿಚ್ಚುವ ಸರದಿ. ಬಿಚ್ಚುವ ಮುನ್ನ ಅದರ ಇಂಧನದ ಮೂತಿಗೆ ಕೈಪಂಪನ್ನು ಜೋಡಿಸಿ ಅರ್ಧ ವಾತಾವರಣದಷ್ಟು ಒತ್ತಡವನ್ನು ಕೊಟ್ಟರೆ ಮುಳ್ಳು ನಿಂತಲ್ಲಿಯೇ ನಿಲ್ಲಬೇಕು. ಇಳಿದರೆ ಸೂಜಿಯು ತನ್ನ ಪೀಠದಲ್ಲಿ ಕೂರುತ್ತಿಲ್ಲ. ಅಂತಹ ಗರಗಸವು ಹಸಿಯುವುದಿಲ್ಲ, ಬದಲಿಗೆ ಇಂಧನದಲ್ಲಿ ಮುಳುಗುತ್ತದೆ. ಹಸಿವಿನ ಕಾರಣಗಳಾದರೋ ಹಳೆಯ ಪೆಟ್ರೋಲಿನ ಅಂಟಿನಿಂದ ಮುಚ್ಚಿದ ಜಾಲರಿ, ತಗ್ಗಾಗಿ ಬಾಗಿದ ಸನ್ನೆ, ಬಿರುಸಾದ ಅಳತೆಯ ಪೊರೆ. ಒಳ್ಳೆಯ ಪೊರೆಯನ್ನು ಬೆರಳ ಮೇಲಿಟ್ಟರೆ ಒದ್ದೆ ಎಲೆಯಂತೆ ಜೋತುಬೀಳಬೇಕು. ಕಾಗದದಂತೆ ಸದ್ದು ಮಾಡುವ ಪೊರೆಯನ್ನು ಬದಲಿಸಬೇಕು. ಸನ್ನೆಯ ಎತ್ತರವನ್ನು ತಯಾರಕರು ಕೊಟ್ಟ ಅಳತೆಗೆ ತರಬೇಕೇ ಹೊರತು ಕಣ್ಣಂದಾಜಿಗೆ ಅಲ್ಲ. ರಂಧ್ರಗಳಿಗೆ ಸೂಜಿಯನ್ನೋ ತಂತಿಯನ್ನೋ ತೂರಿಸುವುದು ದೊಡ್ಡ ತಪ್ಪು. ರಂಧ್ರದ ಅಗಲವೇ ಅಲ್ಲಿಯ ಅಳತೆಗೋಲು.

ವೇಷ ಮರೆಸಿದ ಗಾಳಿ

ಎಲ್ಲವೂ ಸರಿಯಾಗಿದ್ದು, ಆದರೂ ಎಂಜಿನ್ನು ಹಸಿದಂತೆಯೇ ವರ್ತಿಸುವ ಸಂದರ್ಭವೊಂದುಂಟು. ಇಂಧನವು ಸಾಕಷ್ಟು ಬರುತ್ತಿದೆ, ಆದರೆ ಕಾರ್ಬುರೇಟರಿನ ಅರಿವಿಗೆ ಬಾರದಂತೆ ಹೆಚ್ಚಿನ ಗಾಳಿಯು ಬೇರೆಡೆಯಿಂದ ಸೇರುತ್ತಿದೆ. ಕಾರ್ಬುರೇಟರನ್ನೂ ಸಿಲಿಂಡರನ್ನೂ ಕೂಡಿಸುವ ರಬ್ಬರು ತೋಳು ಸೀಳಿರಬಹುದು. ಕ್ರ್ಯಾಂಕ್ ದಂಡದ ಕೊನೆಯ ಸೀಲುಗಳು ಸವೆದಿರಬಹುದು. ಥ್ರಾಟಲನ್ನು ಬಿಟ್ಟ ಮೇಲೂ ಎಂಜಿನ್ನು ಕೂಡಲೆ ಇಳಿಯದೆ ಓಡುತ್ತಲೇ ಇರುವುದು, ಮಂದಗತಿಯು ಏರಿಳಿಯುವುದು, ಗರಗಸವನ್ನು ಓರೆ ಮಾಡಿದಾಗ ವೇಗ ಬದಲಾಗುವುದು ಇದರ ಕುರುಹುಗಳು. ಒಳಹಾದಿಯನ್ನೂ ಹೊಗೆಯ ಹಾದಿಯನ್ನೂ ರಬ್ಬರಿನ ತುಂಡುಗಳಿಂದ ಮುಚ್ಚಿ, ಕ್ರ್ಯಾಂಕ್ ಕೋಶಕ್ಕೆ ಕೈಪಂಪಿನಿಂದ ಅರ್ಧ ವಾತಾವರಣದಷ್ಟು ಗಾಳಿಯನ್ನು ತುಂಬಿ, ಕೀಲುಗಳಿಗೆ ಸಾಬೂನಿನ ನೀರನ್ನು ಸವರಿದರೆ ಗುಳ್ಳೆ ಎದ್ದೆಡೆಯೇ ಸೋರಿಕೆ. ಸೈಕಲ್ಲಿನ ಟ್ಯೂಬಿಗೆ ಮಾಡುವ ಪರೀಕ್ಷೆಯೇ ಇದು. ಸೀಲುಗಳು ಒತ್ತಡವನ್ನು ತಡೆದು ನಿರ್ವಾತಕ್ಕೆ ಸೋಲುವುದುಂಟು; ಆದ್ದರಿಂದ ಪಂಪನ್ನು ತಿರುಗಿಸಿ ಗಾಳಿಯನ್ನು ಎಳೆದೂ ನೋಡಬೇಕು.

ತಿರುಪನ್ನು ಮೊದಲೇ ಮುಟ್ಟಬಾರದೆಂದು ನಾವು ಹೇಳಿದುದು ವಿಶೇಷವಾಗಿ ಇಂತಹ ಎಂಜಿನ್ನನ್ನು ಉದ್ದೇಶಿಸಿಯೇ. ತಿರುಪನ್ನು ಬಿಚ್ಚಿ ಇಂಧನವನ್ನು ಹೆಚ್ಚಿಸಿದರೆ ಅಂದಿಗೆ ಎಂಜಿನ್ನು ಸುಧಾರಿಸೀತು. ಆದರೆ ಸೋರಿಕೆಯು ಅಷ್ಟರಲ್ಲಿಯೇ ನಿಲ್ಲುವುದಿಲ್ಲ. ಕಾದಂತೆ, ಸವೆದಂತೆ ಹಿಗ್ಗುತ್ತದೆ. ಲಕ್ಷಣವು ಮರೆಯಾಗಿರುತ್ತದೆ, ಪಿಸ್ಟನ್ನು ಒಳಗೇ ಒಣಗುತ್ತಿರುತ್ತದೆ. ಉಸಿರುರಂಧ್ರದ ದೋಷಕ್ಕೂ ತಿರುಪಿನಿಂದ ಪರಿಹಾರವಿಲ್ಲ, ಏಕೆಂದರೆ ಅಲ್ಲಿ ಮಿಶ್ರಣವು ನಿಮಿಷ ನಿಮಿಷಕ್ಕೂ ಬದಲಾಗುತ್ತಿರುತ್ತದೆ.

ತಿರುಪುಗಳ ಸರದಿ

ಎಲ್ಲ ಪರೀಕ್ಷೆಗಳೂ ಮುಗಿದು, ಗಾಳಿಯ ಫಿಲ್ಟರನ್ನೂ ಶುಚಿ ಮಾಡಿದ ಮೇಲೆ ತಿರುಪುಗಳಿಗೆ ನಿಜವಾದ ಕೆಲಸವಿದೆ. ಹೊಸ ಮಾದರಿಯ ಕೆಲವು ಗರಗಸಗಳಲ್ಲಿ ವಿದ್ಯುತ್ಕಾಂತ ಕವಾಟವೇ ಇಂಧನವನ್ನು ಅಳೆಯುವುದರಿಂದ ಅವುಗಳಲ್ಲಿ ತಿರುಪು ಇರುವುದಿಲ್ಲ. ಉಳಿದವುಗಳಲ್ಲಿ ತಿರುಪನ್ನು ಹವೆ ಮತ್ತು ಇಂಧನಗಳಿಗೆ ತಕ್ಕಂತೆ ಹೊಂದಿಸಬೇಕು. ಗಂಟಲಿನಲ್ಲಿ ಇಂಧನವನ್ನು ಸೆಳೆಯುವ ಒತ್ತಡವು ಗಾಳಿಯ ಸಾಂದ್ರತೆಗೆ ಅನುಪಾತದಲ್ಲಿದೆ; ಇಂಧನದ ಹರಿವು ಆ ಒತ್ತಡದ ವರ್ಗಮೂಲದಂತೆ ಬದಲಾಗುತ್ತದೆ; ಆದರೆ ಒಳಬರುವ ಗಾಳಿಯ ರಾಶಿಯು ನೇರವಾಗಿ ಸಾಂದ್ರತೆಯಂತೆಯೇ ಬದಲಾಗುತ್ತದೆ. ಸುಮಾರು ೧,೧೫೦ ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಸಾಂದ್ರತೆಯು ಮಂಗಳೂರಿನದಕ್ಕಿಂತ ಶೇಕಡಾ ೧೦ರಷ್ಟು ಕಡಮೆ. ಗಾಳಿ ಶೇಕಡಾ ೧೦ರಷ್ಟು ಇಳಿದರೆ ಇಂಧನವು ಶೇಕಡಾ ೫ರಷ್ಟು ಮಾತ್ರ ಇಳಿಯುವುದರಿಂದ, ಮಂಗಳೂರಿನಲ್ಲಿ ಹೊಂದಿಸಿದ ಗರಗಸವು ಮಡಿಕೇರಿಯಲ್ಲಿ ತುಸು ಹೆಚ್ಚು ಕುಡಿಯುತ್ತದೆ. ಇದರಿಂದ ಹೊಗೆ ಹೆಚ್ಚೀತು, ಕೆಡುಕಿಲ್ಲ. ಮಡಿಕೇರಿಯಲ್ಲಿ ಹೊಂದಿಸಿದುದನ್ನು ಕರಾವಳಿಗೆ ಇಳಿಸಿದರೆ ಅಷ್ಟೇ ಪ್ರಮಾಣದಲ್ಲಿ ಹಸಿಯುತ್ತದೆ.

ಎಥನಾಲಿನ ಪರಿಣಾಮವನ್ನೂ ಇದಕ್ಕೆ ಕೂಡಿಸಬೇಕು. ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಎಥನಾಲಿಗೆ ೯ ಸಾಕು, ಅದರ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ. ಶೇಕಡಾ ೨೦ ಎಥನಾಲಿರುವ ಮಿಶ್ರಣಕ್ಕೆ ಬೇಕಾಗುವುದು ಸುಮಾರು ೧೩.೫. ಅಂದರೆ ಅದೇ ಗಾಳಿಗೆ ಶೇಕಡಾ ೮-೯ರಷ್ಟು ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿಗೆ ಹೊಂದಿಸಿದ ತಿರುಪಿಗೆ ಇದು ತಿಳಿಯುವುದು ಹೇಗೆ? ಅನೇಕ ತಯಾರಕರ ಕೈಪಿಡಿಗಳು ಎಥನಾಲನ್ನು ಶೇಕಡಾ ೧೦ಕ್ಕೆ ಮಿತಿಗೊಳಿಸಿರುವುದಕ್ಕೆ ಇದೂ ಒಂದು ಕಾರಣ; ರಬ್ಬರಿನ ಭಾಗಗಳು ಕೆಡುವುದು ಇನ್ನೊಂದು. ಕೈಪಿಡಿಯ ಈ ಪುಟವನ್ನು ಓದದೆ ಇಂಧನವನ್ನು ತುಂಬಬಾರದು.

ಪೂರ್ಣವೇಗದ ತಿರುಪನ್ನು ಸುತ್ತೆಣಿಕೆಯ ಮಾಪಕವಿಟ್ಟು ತಯಾರಕರು ಹೇಳಿದ ವೇಗವನ್ನು ಮೀರದಂತೆ ಹೊಂದಿಸುವುದು ಉತ್ತಮ. ಕಿವಿಯೂ ಇಲ್ಲಿ ಸಾಕ್ಷಿ ಹೇಳಬಲ್ಲುದು. ಮಿಶ್ರಣದಲ್ಲಿ ಇಂಧನವು ತುಸು ಹೆಚ್ಚಾಗಿದ್ದಾಗ ಭಾರವಿಲ್ಲದ ಎಂಜಿನ್ನು ಕೆಲವು ಸುತ್ತುಗಳಲ್ಲಿ ಹೊತ್ತದೆ ಹೋಗುವುದರಿಂದ ಅದರ ದನಿ ಒಡೆದು ಗೊರಗೊರ ಎನ್ನುತ್ತದೆ. ಮರದಲ್ಲಿ ಹಲ್ಲು ಕಚ್ಚಿ ಭಾರ ಬಿದ್ದೊಡನೆ ದನಿ ತಿಳಿಯಾಗುತ್ತದೆ. ಭಾರವಿಲ್ಲದಾಗ ಒಡೆದ ದನಿ, ಭಾರದಲ್ಲಿ ತಿಳಿದನಿ ಕೇಳಿದರೆ ತಿರುಪು ಸರಿಯಾದ ಕಡೆ ಇದೆ. ಎರಡೂ ವೇಳೆ ಸೀಟಿಯಂತಹ ತಿಳಿದನಿಯೇ ಕೇಳಿದರೆ ಎಂಜಿನ್ನನ್ನು ಕೂಡಲೆ ನಿಲ್ಲಿಸಿ ತಿರುಪನ್ನು ಸ್ವಲ್ಪ ಬಿಚ್ಚಬೇಕು. ಹೊಂದಿಸಿದ ಬಳಿಕ, ತಿರುಪು ಪೂರ್ತಿ ಮುಚ್ಚಿದ ಸ್ಥಿತಿಯಿಂದ ಎಷ್ಟು ಸುತ್ತು ತೆರೆದಿದೆ, ಯಾವ ಊರಿನಲ್ಲಿ, ಯಾವ ಇಂಧನದಲ್ಲಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗರಗಸದ ಪೆಟ್ಟಿಗೆಯೊಳಗೆ ಅಂಟಿಸಿಡಬೇಕು. ಗರಗಸವನ್ನು ಘಟ್ಟದಿಂದ ಕೆಳಕ್ಕೆ ಒಯ್ದ ದಿನ ಆ ಚೀಟಿಯನ್ನು ನೋಡಿಯೇ ದಾರವನ್ನು ಎಳೆಯಬೇಕು.